ಛೋಟಾನಾಗಪುರದ ಜೈಪಾಲ್ ಸಿಂಗರು

ಹಾಕಿ ಎಂಬ ಆಟವನ್ನಾಡಿ ನಮ್ಮ ದೇಶಕ್ಕೆ ಕೀರ್ತಿಯನ್ನು ತಂದು, ಈಗ ಮಣ್ಣಿನಲ್ಲಿ ನಿದ್ರಿಸುತ್ತಿರುವ ಪುರುಷರು ಅನೇಕರಿದ್ದಾರೆ. ಅವರೊಳಗೆ ಧ್ಯಾನಚಂದರ ಹೆಸರನ್ನು ಕೇಳದವರು ವಿರಳ. ಆದರೆ 1928ನೆಯ ಇಸವಿಯಲ್ಲಿ ಆ ಧ್ಯಾನಚಂದರು ಆಡಿದ ತಂಡಕ್ಕೆ ನಾಯಕರಾಗಿದ್ದವರು ಒಂದು ಮಿಶನ್ ಶಾಲೆಯಲ್ಲಿ ಅಕ್ಷರ ಕಲಿತ ಕಾಡುನಾಡಿನ ಹುಡುಗನೆಂಬದನ್ನು ನಮ್ಮ ಸಭೆಗಳಲ್ಲಿ ಬಲ್ಲವರು ಸ್ವಲ್ಪವೇ. ಅವರ ಹೆಸರು ಜೈಪಾಲ್ ಸಿಂಗ್. ಅವರು ತೀರಿಹೋಗಿ ಅರ್ಧ ಶತಮಾನ ಕಳೆದಿದೆ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿರುವ ಕಡಕೊಳದವರಿಗೂ ಸುತ್ತಣ ಹಳ್ಳಿಗಳ ಸಭೆಗಳವರಿಗೂ ಅವರ ಜೀವಿತವನ್ನು ತಿಳಿಸುವದು ಯೋಗ್ಯವೆಂದು ನಮಗೆ ತೋರಿತು. ಅದರಲ್ಲಿ ಹೊಗಳತಕ್ಕದ್ದು ಬಹಳವಿದೆ. ಹೊಗಳಲಾರದ್ದೂ ಉಂಟು, ಅದನ್ನೂ ನಾವು ಮರೆಮಾಡುವದಿಲ್ಲ.

ಈಗಿನ ಝಾರ್ಖಂಡ್ ರಾಜ್ಯದಲ್ಲಿ ರಾಂಚಿ ಪಟ್ಟಣಕ್ಕೆ ದಕ್ಷಿಣವಾಗಿ ಖೂಂಟಿ ಎಂಬ ಪ್ರಾಂತವಿದೆ. ಗುಡ್ಡ, ಸಾಲವೃಕ್ಷಗಳ ಕಾಡು, ಕಾಡಿನ ನಡುವೆ ಭತ್ತದ ಗದ್ದೆ, ಇದೇ ಆ ಸೀಮೆಯ ರೂಪ. ಅಲ್ಲಿ ಟಕರಾ ಎಂಬ ಹಳ್ಳಿಯಲ್ಲಿ 1903ನೆಯ ಇಸವಿ ಜನವರಿ 3ನೆಯ ತಾರೀಖಿನಲ್ಲಿ ಮುಂಡಾ ಜನಾಂಗದ ಒಂದು ಮನೆಯಲ್ಲಿ ಈ ಮಗು ಹುಟ್ಟಿತು. ಮನೆಯವರು ಪಾಹನರ ವಂಶದವರು. ಪಾಹನನೆಂದರೆ ಊರಿನ ಪವಿತ್ರ ತೋಪಿನಲ್ಲಿ ಗ್ರಾಮಸ್ಥರ ಪರವಾಗಿ ಪೂಜೆಯನ್ನು ನಡಿಸುವವನು. ಹೀಗೆ ನಮ್ಮ ಕಥಾಪುರುಷನು ಪೂಜಾರಿಯ ಮನೆಯ ಕೂಸು. ಎಲ್ಲ ಮುಂಡಾ ಹುಡುಗರಂತೆ ಇವನೂ ದನಗಳನ್ನು ಕಾಯುತ್ತಾ ಬೆಳೆದನು.

ಆ ಸೀಮೆಯ ಸ್ಥಿತಿ ಆಗ ಹೇಗಿತ್ತೆಂಬದನ್ನು ಸ್ವಲ್ಪ ಹೇಳದೆ ಹೋದರೆ ಮುಂದಿನ ಸಂಗತಿಗಳು ತಿಳಿಯಲಾರವು. ಕಾಡನ್ನು ಕಡಿದು ಗದ್ದೆ ಮಾಡಿದವರು ಮುಂಡಾ ಜನರು. ಆದರೆ ಜಮೀನ್ದಾರರೂ ಸಾಲ ಕೊಡುವ ಸಾಹುಕಾರರೂ ಹೊರಗಿನಿಂದ ಬಂದು, ಕಾಗದಪತ್ರಗಳ ಬಲದಿಂದ ಆ ಗದ್ದೆಗಳನ್ನು ತಮ್ಮವನ್ನಾಗಿ ಮಾಡಿಕೊಳ್ಳುತ್ತಿದ್ದರು. ಜೈಪಾಲನು ಹುಟ್ಟುವದಕ್ಕೆ ಮೂರು ವರ್ಷ ಮುಂಚೆ, ಅಂದರೆ 1900ನೆಯ ಇಸವಿ ಜೂನ್ 9ರಂದು, ಇದೇ ಕಾರಣದಿಂದ ದಂಗೆಯೆದ್ದ ಬಿರ್ಸಾ ಮುಂಡಾ ಎಂಬ ತರುಣನು ರಾಂಚಿಯ ಸೆರೆಮನೆಯಲ್ಲಿ ಸತ್ತನು. ಈ ಬಿರ್ಸಾನೂ ಬಾಲ್ಯದಲ್ಲಿ ಜರ್ಮನ್ ಮಿಶನಿನ ಶಾಲೆಯಲ್ಲಿ ಸ್ವಲ್ಪ ಕಾಲ ಕಲಿತವನೇ. ಆದರೂ ಅವನ ಜನರು ದಂಗೆಯ ಕಾಲದಲ್ಲಿ ಮಿಶನ್ ಮನೆಗಳ ಮೇಲೆಯೂ ಬಾಣಗಳನ್ನು ಬಿಟ್ಟರು. ಮಿಶನಿನವರು ಬಡವರ ಪಕ್ಷದವರೋ ದೊರೆಗಳ ಪಕ್ಷದವರೋ ಎಂಬ ಸಂಶಯವು ಆ ನಾಡಿನ ಅನೇಕರ ಮನಸ್ಸಿನಲ್ಲಿತ್ತು. 1908ರಲ್ಲಿ ಸರಕಾರವು ಛೋಟಾನಾಗಪುರದ ಗೇಣಿ ಕಾಯಿದೆಯನ್ನು ಮಾಡಿ, ಆದಿವಾಸಿಗಳ ಭೂಮಿ ಹೊರಗಿನವರ ಕೈಸೇರದಂತೆ ಕೆಲವು ಕಟ್ಟುಗಳನ್ನು ಹಾಕಿತು.

ಸುವಾರ್ತೆಯು ರಾಂಚಿಗೆ ಬಂದದ್ದು 1845ರಲ್ಲಿ. ಬರ್ಲಿನ್ ಪಟ್ಟಣದ ಗೋಸ್ನರ್ ಎಂಬ ದೈವಭಕ್ತರು ಕಳುಹಿಸಿದ ಬೋಧಕರು ಮೊದಲು ಬಂದರು. ಐದು ವರ್ಷಗಳ ವರೆಗೆ ಅವರಿಗೆ ಆ ಜನಾಂಗಗಳಿಂದ ಒಬ್ಬನಾದರೂ ದೊರೆಯಲಿಲ್ಲ. ತರುವಾಯ ಸಾವಿರಾರು ಮಂದಿ ಸಭೆಯಲ್ಲಿ ಸೇರಿದರು. 1869ರಲ್ಲಿ ಆ ಸಭೆಯೊಳಗೆ ಭೇದ ಹುಟ್ಟಿ, ಒಂದು ಪಾಲಿನವರು ಆಂಗ್ಲಿಕನ್ ಮಿಶನನ್ನು ಸೇರಿಕೊಂಡರು. ಇವರ ಸಂತ ಪೌಲನ ಶಾಲೆ ರಾಂಚಿಯಲ್ಲಿ ಹೆಸರುವಾಸಿಯಾದದ್ದು. ಆ ಶಾಲೆಗೇ ದನಕಾಯುವ ಈ ಹುಡುಗನು ಬಂದದ್ದು. ಕ್ಯಾನನ್ ಕಾಸ್‌ಗ್ರೇವ್ ಎಂಬವರು ಶಾಲೆಯ ಮುಖ್ಯಸ್ಥರಾಗಿದ್ದರು. ಹುಡುಗನ ಬುದ್ಧಿಯೂ, ಆಟದ ಬೈಲಿನಲ್ಲಿ ಅವನ ಚುರುಕೂ ಅವರ ಕಣ್ಣಿಗೆ ಬಿದ್ದವು. ಹುಡುಗನಿಗೆ ದೀಕ್ಷಾಸ್ನಾನವಾಯಿತು. 1918ರಲ್ಲಿ ಕಾಸ್‌ಗ್ರೇವರು ಸ್ವದೇಶಕ್ಕೆ ಹಿಂದಿರುಗುವಾಗ ಹದಿನೈದು ವರ್ಷದ ಜೈಪಾಲನನ್ನು ತಮ್ಮ ಸಂಗಡ ಕರೆದುಕೊಂಡು ಹೋದರು.

ಈ ಕಾರ್ಯವನ್ನು ಕುರಿತು ನಾವು ಒಂದು ಮಾತು ಹೇಳಬೇಕು. ಹದಿನೈದು ವರ್ಷದ ಮಗನನ್ನು ಸಮುದ್ರದಾಚೆಗೆ ಕಳುಹಿಸುವ ತಾಯಿತಂದೆಗಳಿಗೆ ಅದು ಹಗುರವಾದ ಸಂಗತಿಯಲ್ಲ. ಕರೆದುಕೊಂಡು ಹೋದವರ ಮನಸ್ಸಿನಲ್ಲಿ ಇದ್ದ ಉದ್ದೇಶವೂ ಸ್ಪಷ್ಟವಾಗಿತ್ತು: ಹುಡುಗನು ದೈವಶಾಸ್ತ್ರವನ್ನು ಕಲಿತು, ಬೋಧಕನಾಗಿ, ಸ್ವಜನರ ಬಳಿಗೆ ಹಿಂದಿರುಗಬೇಕು. ಆದಕಾರಣವೇ ಅವನನ್ನು ಮೊದಲು ಕ್ಯಾಂಟರ್ಬರಿಯಲ್ಲಿರುವ ಸಂತ ಆಗಸ್ಟೀನನ ಕಾಲೇಜಿಗೆ ಸೇರಿಸಿದರು. ಅದು 1848ರಲ್ಲಿ ಅನ್ಯದೇಶಗಳ ಸುವಾರ್ತಾಸೇವೆಗಾಗಿ ಜನರನ್ನು ಸಿದ್ಧಮಾಡಲಿಕ್ಕೆ ಸ್ಥಾಪಿತವಾದದ್ದು. ಆದರೆ ಬಿತ್ತಿದವನು ಎಣಿಸಿದ ಬೆಳೆಯೇ ಯಾವಾಗಲೂ ಬರುವದಿಲ್ಲ. ಜೈಪಾಲನು 1922ರಲ್ಲಿ ಆಕ್ಸ್‌ಫರ್ಡಿನ ಸಂತ ಯೋಹಾನನ ಕಾಲೇಜನ್ನು ಸೇರಿ, ಅರ್ಥಶಾಸ್ತ್ರವನ್ನು ಓದಿ, 1926ರಲ್ಲಿ ಗೌರವದೊಡನೆ ಪದವಿಯನ್ನು ಹೊಂದಿದನು. ವೇದಿಕೆಯ ಕಡೆಗೆ ಅವನ ಮನಸ್ಸು ತಿರುಗಲಿಲ್ಲ. ಹಾಕಿಯ ಕಡೆಗೆ ತಿರುಗಿತು.

ಹಾಕಿಯನ್ನು ನೋಡದವರಿಗಾಗಿ ಹೇಳುತ್ತೇವೆ. ತುದಿಯಲ್ಲಿ ಬಾಗಿದ ಕೋಲುಗಳನ್ನು ಹಿಡಿದು, ಪಕ್ಷಕ್ಕೆ ಹನ್ನೊಂದು ಮಂದಿಯಂತೆ, ಒಂದು ಗಟ್ಟಿಯಾದ ಚೆಂಡನ್ನು ಎದುರು ಪಕ್ಷದ ಗೋಲಿಗೆ ಹೊಗಿಸುವ ಆಟವಿದು. ಆ ಕಾಲದಲ್ಲಿ ಹುಲ್ಲಿನ ಬೈಲಿನ ಮೇಲೆಯೇ ಆಡುತ್ತಿದ್ದರು. ಗೋಲನ್ನು ಕಾಯುವವನ ಮುಂದೆ ಇಬ್ಬರು ನಿಂತು ಎದುರಾಳಿಗಳನ್ನು ತಡೆಯುತ್ತಾರೆ. ಇವರಿಗೆ ಫುಲ್‌ಬ್ಯಾಕ್ ಎಂದು ಹೆಸರು. ಜೈಪಾಲ್ ಸಿಂಗರ ಸ್ಥಾನ ಅದೇ. ಗೋಲು ಹೊಡೆಯುವವರ ಹೆಸರು ಪತ್ರಿಕೆಗಳಲ್ಲಿ ಬರುವದು, ತಡೆಯುವವರ ಹೆಸರು ಬರುವದು ಅಪರೂಪ. ಆದರೂ ಇವರ ಆಟ ಎಲ್ಲರ ಕಣ್ಣನ್ನು ಸೆಳೆದು, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ತಮ್ಮ ಶ್ರೇಷ್ಠ ಆಟಗಾರರಿಗೆ ಕೊಡುವ ನೀಲಿ ಗೌರವವನ್ನು ಇವರಿಗೆ ಕೊಟ್ಟರು. ಇವರು ಅಲ್ಲಿಯ ಪತ್ರಿಕೆಗಳಿಗೆ ಆಟವನ್ನು ಕುರಿತು ಲೇಖನಗಳನ್ನೂ ಬರೆಯುತ್ತಿದ್ದರು.

ತರುವಾಯ ಇವರು ಐ. ಸಿ. ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದರು. ಐ. ಸಿ. ಎಸ್. ಎಂದರೆ ಆ ಕಾಲದ ಜನರ ದೃಷ್ಟಿಯಲ್ಲಿ ಮನುಷ್ಯನು ಏರಬಹುದಾದ ಅತಿ ಎತ್ತರದ ಮೆಟ್ಟಲು. ಜಿಲ್ಲಾ ಕಲೆಕ್ಟರು, ಜಡ್ಜಿ, ಮುಂದೆ ಸರಕಾರದ ಸೆಕ್ರೆಟರಿ, ದೊಡ್ಡ ಸಂಬಳ, ಅದರ ಮೇಲೆ ಜೀವಮಾನದ ಪಿಂಚಣಿ. ಯಾವ ಕಚೇರಿಯ ಮೆಟ್ಟಲಿನ ಮೇಲೆ ಮುಂಡಾ ರೈತನು ಕೈಕಟ್ಟಿ ನಿಂತು ತನ್ನ ಗದ್ದೆಯನ್ನು ಕಳೆದುಕೊಂಡನೋ, ಅದೇ ಕಚೇರಿಯಲ್ಲಿ ಅವನ ಜನಾಂಗದವನೊಬ್ಬನು ಕುರ್ಚಿಯ ಮೇಲೆ ಕೂರುವ ಕಾಲವು ಹತ್ತಿರ ಬಂದಿತ್ತು. ಇವರು ಇಂಗ್ಲೆಂಡಿನಲ್ಲಿಯೇ ತರಬೇತಿಯಲ್ಲಿದ್ದರು.

ಇಷ್ಟರಲ್ಲಿ 1928ನೆಯ ಇಸವಿ ಬಂತು. ಹಾಲೆಂಡ್ ದೇಶದ ಆಮ್‌ಸ್ಟರ್‌ಡಾಮ್ ಪಟ್ಟಣದಲ್ಲಿ ಒಲಿಂಪಿಕ್ ಪಂದ್ಯಗಳು ನಡೆಯತಕ್ಕವಾಗಿದ್ದವು. ಮೂರು ವರ್ಷಗಳ ಹಿಂದೆಯಷ್ಟೇ, 1925ರಲ್ಲಿ, ಗ್ವಾಲಿಯರಿನಲ್ಲಿ ಕೂಡಿಬಂದ ಭಾರತೀಯ ಹಾಕಿ ಸಂಘವು ಮೊದಲ ಸಾರಿ ಒಂದು ತಂಡವನ್ನು ಕಳುಹಿಸಲು ನಿರ್ಣಯಿಸಿತು. ತಂಡದವರಲ್ಲಿ ಬಹುಪಾಲು ಆಂಗ್ಲೋ-ಇಂಡಿಯನ್ ತರುಣರು. ಧ್ಯಾನಚಂದರು ಸೈನ್ಯದ ಸಾಧಾರಣ ಸಿಪಾಯಿ. ಮುಂಬಯಿಯ ಬಂದರಿನಿಂದ ಹಡಗು ಹೊರಟಾಗ ಅವರನ್ನು ಬೀಳ್ಕೊಡಲಿಕ್ಕೆ ಬಂದವರು ಬೆರಳಲ್ಲಿ ಎಣಿಸಬಹುದಾದಷ್ಟೇ. ನಾಯಕತ್ವವನ್ನು ವಹಿಸಬೇಕೆಂದು ಇಂಗ್ಲೆಂಡಿನಲ್ಲಿದ್ದ ಜೈಪಾಲ್ ಸಿಂಗರಿಗೆ ಕೇಳಿಕೆ ಹೋಯಿತು.

ಅವರು ಇಂಡಿಯಾ ಆಫೀಸಿನವರಿಗೆ ರಜೆಗಾಗಿ ಅರ್ಜಿ ಹಾಕಿದರು. ರಜೆ ಸಿಕ್ಕಲಿಲ್ಲ. ಒಂದು ಕಡೆ ಕಲೆಕ್ಟರನ ಕುರ್ಚಿ; ಇನ್ನೊಂದು ಕಡೆ ಒಂದು ಕಾಸಿನ ಸಂಬಳವೂ ಇಲ್ಲದ ಆಟ. ಈಗಿನಂತೆ ಆಟಗಾರರಿಗೆ ಲಕ್ಷಗಟ್ಟಲೆ ಹಣ ಕೊಡುವ ಕಾಲ ಅದಲ್ಲ. ಗೆದ್ದರೂ ಸೋತರೂ ಕೈ ಬರಿದೇ. ಆ ತರುಣನಿಗೆ ಆಗ ಇಪ್ಪತ್ತೈದು ವರ್ಷ. ಊರಿನಲ್ಲಿ ಆಸ್ತಿಯಿಲ್ಲ, ಬೆನ್ನ ಹಿಂದೆ ದೊಡ್ಡ ಮನೆತನವಿಲ್ಲ. ಅವರು ರಜೆಯಿಲ್ಲದೆಯೇ ಆಮ್‌ಸ್ಟರ್‌ಡಾಮಿಗೆ ಹೋದರು. ಹಿಂದಿರುಗಿದ ಮೇಲೆ, ತರಬೇತಿಯನ್ನು ಇನ್ನೊಂದು ವರ್ಷ ಮಾಡಬೇಕೆಂದು ಅಧಿಕಾರಿಗಳು ಕಟ್ಟುಮಾಡಿದಾಗ, ಐ. ಸಿ. ಎಸ್. ಅನ್ನೇ ಬಿಟ್ಟುಬಿಟ್ಟರು.

ಇದನ್ನು ಓದಿ ನಮ್ಮಲ್ಲಿ ಅನೇಕರು ತಲೆಯಲ್ಲಾಡಿಸುವರೆಂದು ಬಲ್ಲೆವು. ಕಡಕೊಳದ ಕಡೆಯಲ್ಲಿ ಹೊಲಗಳಿದ್ದ ಸ್ಥಳದಲ್ಲಿ ಕಾರ್ಖಾನೆಗಳೆದ್ದಿವೆ. ಮಗನಿಗೆ ಅಲ್ಲಿ ಕಾಯಂ ಕೆಲಸ ಸಿಕ್ಕಿತೆಂದರೆ ಮನೆಯವರು ಸ್ತೋತ್ರಕಾಣಿಕೆ ಕೊಡುತ್ತಾರೆ. ಸರಕಾರೀ ನೌಕರಿಯಾದರೆ ಕಾಣಿಕೆ ಇಮ್ಮಡಿ. ಅದು ತಪ್ಪೆಂದು ನಾವು ಹೇಳುವವರಲ್ಲ. ಹಸಿವನ್ನು ಕಂಡವರಿಗೆ ತಿಂಗಳ ಸಂಬಳದ ಬೆಲೆ ಗೊತ್ತು. ಆದರೆ ನೌಕರಿಯೇ ದೇವರ ಆಶೀರ್ವಾದದ ಮುದ್ರೆಯೆಂದೂ, ಅದನ್ನು ಬಿಟ್ಟವನು ಆಶೀರ್ವಾದವನ್ನೇ ಕಾಲಿನಿಂದ ಒದ್ದವನೆಂದೂ ಎಣಿಸುವ ರೂಢಿ ನಮ್ಮ ಸಭೆಗಳಲ್ಲಿ ಬೇರೂರಿದೆ. ಜೈಪಾಲ್ ಸಿಂಗರು ಆಟದ ಹುಚ್ಚಿನಿಂದ ಮಾತ್ರ ಆ ಪದವಿಯನ್ನು ಬಿಟ್ಟರೆಂದು ನಮಗೆ ತೋರುವದಿಲ್ಲ. ದೊರೆಗಳು ಕೊಟ್ಟ ಕುರ್ಚಿ ದೊರೆಗಳ ಮಾತಿನಂತೆ ಕೂರಬೇಕಾದ ಕುರ್ಚಿಯೆಂಬದು ಆ ರಜೆಯ ಅರ್ಜಿಯಿಂದಲೇ ಅವರಿಗೆ ಗೊತ್ತಾಗಿರಬೇಕು. ಐ. ಸಿ. ಎಸ್. ಅಧಿಕಾರಿಯಾಗಿದ್ದರೆ, ಮುಂದೆ ಹತ್ತು ವರ್ಷಗಳಾದ ಮೇಲೆ ಅವರು ಮಾಡಿದ ಕೆಲಸಕ್ಕೆ ಅವರ ಕೈಗಳು ಬಿಡುವಾಗಿ ಇರುತ್ತಿರಲಿಲ್ಲ.

ಆಮ್‌ಸ್ಟರ್‌ಡಾಮಿನ ಪಂದ್ಯಗಳು ಮೇ 17ರಂದು ಆರಂಭವಾದವು. ಆ ದಿನ ಆಸ್ಟ್ರಿಯಾ ದೇಶದವರ ಮೇಲೆ ನಮ್ಮವರು ಆರು ಗೋಲುಗಳಿಂದ ಗೆದ್ದರು. ಮರುದಿನ ಬೆಲ್ಜಿಯಮಿನ ಮೇಲೆ ಒಂಬತ್ತು, 20ರಂದು ಡೆನ್ಮಾರ್ಕಿನ ಮೇಲೆ ಐದು, 22ರಂದು ಸ್ವಿಟ್ಜರ್ಲೆಂಡಿನ ಮೇಲೆ ಆರು. ಕಡೆಯದಾಗಿ 26ರಂದು ಹಾಲೆಂಡಿನವರ ಸ್ವಂತ ನೆಲದಲ್ಲಿಯೇ ಅವರ ಮೇಲೆ ಮೂರು. ಹೀಗೆ ಐದು ಆಟಗಳಲ್ಲಿ 29 ಗೋಲುಗಳು; ಅವುಗಳಲ್ಲಿ 14 ಧ್ಯಾನಚಂದರವು. ನಮ್ಮ ಮೇಲೆ ಬಿದ್ದ ಗೋಲು ಒಂದೂ ಇಲ್ಲ. ಗೋಲು ಕಾದ ರಿಚರ್ಡ್ ಆಲನ್ ಎಂಬವರನ್ನು ಇದಕ್ಕಾಗಿ ಎಲ್ಲರೂ ಹೊಗಳುವದು ನ್ಯಾಯವೇ, ಆದರೆ ಅವರ ಮುಂದೆ ನಿಂತು ತಡೆದವರನ್ನೂ ನೆನಸಬೇಕಲ್ಲವೇ? ಒಲಿಂಪಿಕ್ ಪಂದ್ಯಗಳಲ್ಲಿ ಭಾರತಕ್ಕೆ ದೊರೆತ ಮೊದಲನೆಯ ಚಿನ್ನದ ಪದಕ ಇದು. 1956ರ ವರೆಗೆ ನಡೆದ ಆರು ಒಲಿಂಪಿಕ್‌ಗಳಲ್ಲಿಯೂ ಹಾಕಿಯ ಚಿನ್ನ ನಮ್ಮ ದೇಶಕ್ಕೇ ಬಂತು. ಆ ಸಾಲಿನ ಮೊದಲ ದೀಪವನ್ನು ಹಚ್ಚಿದ ತಂಡದ ನಾಯಕರು ಈ ಮುಂಡಾ ತರುಣರು.

ಆದರೆ ಕಡೆಯ ಆಟದ ದಿನ ನಾಯಕರು ಬೈಲಿನಲ್ಲಿರಲಿಲ್ಲ. ತಂಡದ ಮ್ಯಾನೇಜರರಾಗಿದ್ದ ಇಂಗ್ಲಿಷರಿಗೂ ಇವರಿಗೂ ಮನಸ್ತಾಪ ಹುಟ್ಟಿ, ಹಾಲೆಂಡಿನವರ ಮೇಲಣ ಆಟಕ್ಕೆ ಮುಂಚೆಯೇ ಇವರು ತಂಡವನ್ನು ಬಿಟ್ಟು ಹೊರಟುಹೋದರು. ಪಿನ್ನಿಗರ್ ಎಂಬವರು ಆ ದಿನ ನಾಯಕತ್ವವನ್ನು ವಹಿಸಿದರು. ಮಾನವನ್ನು ಕಾಪಾಡಿಕೊಳ್ಳುವದು ದೊಡ್ಡದೇ. ಆದರೂ ತನ್ನ ಕೈಕೆಳಗಿನ ಹತ್ತು ಮಂದಿ ಕಡೆಯ ಹೋರಾಟಕ್ಕೆ ಇಳಿಯುವಾಗ ನಾಯಕನು ಸಂಗಡ ಇಲ್ಲದಿರುವದು ನಮ್ಮ ಮನಸ್ಸಿಗೆ ಒಪ್ಪುವದಿಲ್ಲ. ವಾಚಕರು ಈ ಸಂಗತಿಯನ್ನು ನೆನಪಿನಲ್ಲಿಡಲಿ. ಇಂಥದು ಅವರ ಜೀವಿತದಲ್ಲಿ ಮುಂದೆಯೂ ಬರುವದು.

ನಮ್ಮ ನಾಡಿನ ಕೊಡಗಿನವರಿಗೆ ಹಾಕಿ ಮನೆಯ ಆಟದಂತಿದೆ. 1997ರಿಂದ ಅಲ್ಲಿಯ ಮನೆತನಗಳು ತಮ್ಮತಮ್ಮೊಳಗೆ ಪಂದ್ಯ ಹೂಡಿ, ಅಜ್ಜ ಮೊಮ್ಮಕ್ಕಳು ಒಂದೇ ತಂಡದಲ್ಲಿ ಆಡುವದನ್ನು ನಮ್ಮವರಲ್ಲಿ ಕೆಲವರು ನೋಡಿರಬಹುದು. ಕೊಡಗಿನ ಎಂ. ಪಿ. ಗಣೇಶರು 1973ರಲ್ಲಿ ಭಾರತ ತಂಡದ ನಾಯಕರಾಗಿ ಅದೇ ಹಾಲೆಂಡ್ ದೇಶದಲ್ಲಿ ಲೋಕಕಪ್ಪಿಗಾಗಿ ಆಡಿ, ಹಾಲೆಂಡಿನವರಿಗೇ ಸೋತು ಬೆಳ್ಳಿಯನ್ನು ತಂದರು. ಇದು ಪ್ರಸಂಗವಶಾತ್ ಹೇಳಿದ ಮಾತು.

ಐ. ಸಿ. ಎಸ್. ಅನ್ನು ಬಿಟ್ಟ ಮೇಲೆ ಜೈಪಾಲ್ ಸಿಂಗರು ಹತ್ತು ವರ್ಷ ಊರೂರು ತಿರುಗಿದರು. ಕಲ್ಕತ್ತೆಯಲ್ಲಿ ಎಣ್ಣೆಯ ಕಂಪನಿಯೊಂದರಲ್ಲಿ ಅಧಿಕಾರಿಯಾಗಿದ್ದರು. ಮೋಹನ್ ಬಗಾನ್ ಕ್ಲಬ್ಬಿನ ಹಾಕಿ ತಂಡವನ್ನು 1929ರಲ್ಲಿ ಕಟ್ಟಿದರು. ಕಾಂಗ್ರೆಸ್ಸಿನ ಮೊದಲನೆಯ ಅಧ್ಯಕ್ಷರಾಗಿದ್ದ ಡಬ್ಲ್ಯು. ಸಿ. ಬ್ಯಾನರ್ಜಿಯವರ ಮೊಮ್ಮಗಳಾದ ತಾರಾ ಮಜುಮದಾರರನ್ನು ಮದುವೆಯಾದರು. 1934ರ ಸುಮಾರಿಗೆ ಆಫ್ರಿಕ ಖಂಡದ ಗೋಲ್ಡ್ ಕೋಸ್ಟಿಗೆ, ಅಂದರೆ ಈಗಿನ ಘಾನಾ ದೇಶಕ್ಕೆ, ಹೋಗಿ ಅಚಿಮೋಟಾ ಎಂಬ ಹೆಸರಾಂತ ಕಾಲೇಜಿನಲ್ಲಿ ಉಪಾಧ್ಯಾಯರಾದರು. ಅಲ್ಲಿಂದ ಹಿಂದಿರುಗಿ ರಾಯಪುರದಲ್ಲಿ ರಾಜಕುಮಾರರು ಓದುವ ಕಾಲೇಜಿಗೆ ಪ್ರಿನ್ಸಿಪಾಲರು. ಮತ್ತೆ ಬಿಕಾನೇರ್ ಸಂಸ್ಥಾನದಲ್ಲಿ ಮಂತ್ರಿ. ಎಲ್ಲಿಯೂ ನೆಲೆ ನಿಲ್ಲಲಿಲ್ಲ. ಸೂಟು ತೊಟ್ಟು, ದೊರೆಗಳ ಭಾಷೆಯನ್ನು ದೊರೆಗಳಂತೆ ಮಾತಾಡುವ ಈ ಮನುಷ್ಯರು ಟಕರಾ ಹಳ್ಳಿಗೆ ಪರದೇಶಿಗಳೇ ಆಗಿಹೋದರೆಂದು ನೋಡಿದವರು ಎಣಿಸಿದ್ದರೆ ಆಶ್ಚರ್ಯವಿಲ್ಲ.

ಅತ್ತ ರಾಂಚಿಯಲ್ಲಿ ಆದಿವಾಸಿಗಳ ಸ್ಥಿತಿ ಹೇಗಿತ್ತು? ಮಿಶನ್ ಶಾಲೆಗಳಲ್ಲಿ ಕಲಿತ ಯುವಕರು ತಮ್ಮ ಜನರ ಹಿತಕ್ಕಾಗಿ ಸಂಘಗಳನ್ನು ಕಟ್ಟಿಕೊಂಡಿದ್ದರು. ಆದರೆ ಲೂಥರನ್ ಸಭೆಯವರದು ಒಂದು ದಾರಿ, ಆಂಗ್ಲಿಕನರದು ಇನ್ನೊಂದು, ಕಥೋಲಿಕರದು ಮತ್ತೊಂದು. ಕ್ರೈಸ್ತರಲ್ಲದ ಆದಿವಾಸಿಗಳು ಇವರೆಲ್ಲರನ್ನೂ ದೂರದಿಂದ ನೋಡುತ್ತಿದ್ದರು. ನಮ್ಮ ಕಡೆಯ ಹಳ್ಳಿಗಳಲ್ಲಿಯೂ ಒಂದೇ ಬೀದಿಯಲ್ಲಿ ಎರಡು ಮಂದಿರಗಳಿದ್ದು, ಈ ಮಂದಿರದವರು ಆ ಮಂದಿರದವರ ಮದುವೆಗೆ ಹೋಗದಿರುವದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾದದ್ದಿಲ್ಲ. 1938ರಲ್ಲಿ ಈ ಸಂಘಗಳು ಒಂದುಗೂಡಿದವು. 1939ನೆಯ ಇಸವಿ ಜನವರಿ 20ರಂದು ರಾಂಚಿಯಲ್ಲಿ ಆದಿವಾಸಿ ಮಹಾಸಭೆ ಕೂಡಿದಾಗ, ಅಧ್ಯಕ್ಷ ಸ್ಥಾನಕ್ಕೆ ಜೈಪಾಲ್ ಸಿಂಗರನ್ನು ಕರೆದರು. ದೂರದ ಹಳ್ಳಿಗಳಿಂದ ಸಾವಿರಾರು ಜನ, ಹೆಂಗಸರೂ ಮಕ್ಕಳೂ ಸಹ, ನಡೆದುಕೊಂಡೇ ಬಂದು ಸೇರಿದರು. ಹುಡುಗನಾಗಿ ಅವರನ್ನು ಬಿಟ್ಟುಹೋದವರು ಆ ದಿನ ಅವರ ಮುಂದೆ ನಾಯಕರಾಗಿ ನಿಂತರು. ಜನರು ಅವರಿಗೆ ಮರಂಗ್ ಗೋಮ್ಕೆ ಎಂದು ಹೆಸರಿಟ್ಟರು. ದೊಡ್ಡ ಮುಖಂಡನೆಂದು ಆ ಮಾತಿನ ಅರ್ಥ. ಆ ಹೆಸರು ಸಾಯುವ ವರೆಗೂ, ಸತ್ತ ಮೇಲೆಯೂ, ಅವರನ್ನು ಬಿಡಲಿಲ್ಲ.

ಅವರು ಕೇಳಿದ್ದು ಎರಡು ಸಂಗತಿಗಳು. ಆದಿವಾಸಿಗಳ ಭೂಮಿ ಅವರ ಕೈಯಲ್ಲಿ ಉಳಿಯಬೇಕು. ಬಿಹಾರದಿಂದ ಬೇರೆಯಾಗಿ ಅವರಿಗೆ ಒಂದು ಪ್ರಾಂತವಿರಬೇಕು. ಎರಡನೆಯ ಮಹಾಯುದ್ಧದಲ್ಲಿ ಅವರು ಬ್ರಿಟಿಷರ ಪಕ್ಷವನ್ನು ಹಿಡಿದು ಸೈನ್ಯಕ್ಕೆ ಜನರನ್ನು ಸೇರಿಸಿದರು. ಇದಕ್ಕಾಗಿ ಕಾಂಗ್ರೆಸ್ಸಿನವರಿಗೆ ಅವರ ಮೇಲೆ ಸಿಟ್ಟಿತ್ತು. ಆದರೂ 1946ರಲ್ಲಿ ರಾಜ್ಯಾಂಗ ರಚನಾಸಭೆಗೆ ಅವರು ಬಿಹಾರದಿಂದ ಆರಿಸಲ್ಪಟ್ಟರು. ಅದೇ ವರ್ಷ ಡಿಸೆಂಬರ್ 19ರಂದು ಅವರು ಅಲ್ಲಿ ಎದ್ದುನಿಂತು, ತಾವು ಕಾಡಿನ ಜನರ ಪರವಾಗಿ ಮಾತಾಡುತ್ತೇವೆಂದು ನಾಚಿಕೆಯಿಲ್ಲದೆ ಹೇಳಿಕೊಂಡರು. ತಮ್ಮ ಜನರು ಈ ದೇಶದ ಮೊದಲ ನಿವಾಸಿಗಳೆಂದೂ, ಪ್ರಜಾಪ್ರಭುತ್ವವನ್ನು ಅವರಿಗೆ ಹೊರಗಿನವರು ಕಲಿಸಬೇಕಾಗಿಲ್ಲವೆಂದೂ, ಅವರಿಂದಲೇ ಉಳಿದವರು ಕಲಿಯಬೇಕೆಂದೂ ವಾದಿಸಿದರು. ಅಷ್ಟು ದೊಡ್ಡ ಸಭೆಯಲ್ಲಿ ಆದಿವಾಸಿ ಸದಸ್ಯರು ಎಷ್ಟು ಕಡಿಮೆಯೆಂಬದನ್ನೂ, ಅವರಲ್ಲಿ ಸ್ತ್ರೀಯರೇ ಇಲ್ಲವೆಂಬದನ್ನೂ ತೋರಿಸಿಕೊಟ್ಟರು. ವನಜಾತಿ ಎಂಬ ಹೆಸರನ್ನು ತಳ್ಳಿ, ಆದಿವಾಸಿ ಎಂಬದೇ ಇರಬೇಕೆಂದು ಹಟಹಿಡಿದರು. ಆ ಮಾತಿನಲ್ಲಿ ಅವರು ಗೆಲ್ಲಲಿಲ್ಲ.

ಪಾನನಿರೋಧದ ವಿಷಯವಾಗಿ ಅವರು ಆಡಿದ ಮಾತು ನಮ್ಮ ಸಭೆಗಳವರಿಗೆ ಹಿಡಿಸಲಾರದು, ಆದರೂ ಹೇಳುತ್ತೇವೆ. ಮದ್ಯವನ್ನು ನಿಲ್ಲಿಸುವದು ಸರಕಾರದ ಗುರಿಯಾಗಿರಬೇಕೆಂಬ ಸೂತ್ರವನ್ನು 1948ರಲ್ಲಿ ಸೇರಿಸುವಾಗ ಇವರು ಎದ್ದು ವಿರೋಧಿಸಿದರು. ಅಕ್ಕಿಯಿಂದ ಮಾಡುವ ಪಾನವು ಆದಿವಾಸಿಗಳ ಪೂಜೆಗೂ ಹಬ್ಬಕ್ಕೂ ಗದ್ದೆಯ ನಾಟಿಗೂ ಸೇರಿದ್ದೆಂದೂ, ಅವರನ್ನು ಕೇಳದೆ ಅವರ ಧರ್ಮಾಚಾರದ ಮೇಲೆ ಕೈಯಿಡುವದು ಸರಿಯಲ್ಲವೆಂದೂ ಅವರ ವಾದ. ಕುಡಿತದಿಂದ ಕೆಟ್ಟ ಮನೆಗಳನ್ನು ಬಲ್ಲ ನಮ್ಮ ಉಪದೇಶಿಗಳು ಇದನ್ನು ಒಪ್ಪಲಾರರು, ನಾವೂ ಒಪ್ಪೆವು. ಆದರೆ ಅದರಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ದೀಕ್ಷಾಸ್ನಾನ ಹೊಂದಿದ ಈ ಮನುಷ್ಯರು ತಮ್ಮ ಕ್ರೈಸ್ತರಲ್ಲದ ಸಹೋದರರ ಪೂಜೆಗಾಗಿ ಆ ದೊಡ್ಡ ಸಭೆಯಲ್ಲಿ ಒಬ್ಬರೇ ಎಂಬಂತೆ ನಿಂತರು. ಮಿಶನಿನ ಮಗನು ಮಿಶನಿನವರಿಗೆ ಮಾತ್ರ ನಾಯಕನೆಂದು ಹೇಳುತ್ತಿದ್ದವರ ಬಾಯಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಇವೆಲ್ಲ ದೂರದ ಬಿಹಾರದ ಸಂಗತಿಗಳೆಂದು ಯಾರೂ ಎಣಿಸಬಾರದು. ಕಡಕೊಳದಿಂದ ಒಂದು ಹಗಲಿನ ಪ್ರಯಾಣದೊಳಗೆ ಹೆಗ್ಗಡದೇವನಕೋಟೆಯ ಕಾಡಿನಂಚಿನಲ್ಲಿ ಜೇನುಕುರುಬರ ಹಾಡಿಗಳಿವೆ. ಇನ್ನೊಂದು ದಿಕ್ಕಿಗೆ ಹೋದರೆ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಪೋಡುಗಳಿವೆ. ನಾಗರಹೊಳೆಯ ಕಾಡು ಮೃಗಗಳಿಗಾಗಿ ಕಾದಿಡಲ್ಪಟ್ಟಾಗಲೂ, ಕಬಿನಿಗೆ ಅಣೆಕಟ್ಟು ಬಂದಾಗಲೂ ಎದ್ದು ಹೋಗಬೇಕಾಗಿ ಬಂದವರು ಇಂಥ ಜನರೇ. ರಾಜ್ಯಾಂಗದ ಐದನೆಯ ಅನುಸೂಚಿಯು ಆದಿವಾಸಿ ಪ್ರದೇಶಗಳ ಭೂಮಿಗೆ ವಿಶೇಷ ರಕ್ಷಣೆಯನ್ನು ಕೊಡುವಂಥದು. ಅದರ ಚರ್ಚೆಯಲ್ಲಿ ಜೈಪಾಲ್ ಸಿಂಗರು ಬಹಳ ದುಡಿದರು. ನಮ್ಮ ಕರ್ನಾಟಕದಲ್ಲಿ ಆ ಅನುಸೂಚಿಗೆ ಒಳಪಟ್ಟ ಪ್ರದೇಶ ಒಂದೂ ಇಲ್ಲ.

ಈಗ ದುಃಖಕರವಾದ ಭಾಗಕ್ಕೆ ಬರುತ್ತೇವೆ. ಸ್ವಾತಂತ್ರ್ಯ ಬಂದ ಮೇಲೆ ಸರಾಯಿಕೇಲಾ, ಖರ್ಸಾವಾಂ ಎಂಬ ಎರಡು ಚಿಕ್ಕ ಸಂಸ್ಥಾನಗಳನ್ನು ಒರಿಸ್ಸಾಕ್ಕೆ ಸೇರಿಸುವದೆಂದು ಗೊತ್ತಾಯಿತು. ಅಲ್ಲಿಯ ಆದಿವಾಸಿಗಳಿಗೆ ಅದು ಇಷ್ಟವಿರಲಿಲ್ಲ. 1948ನೆಯ ಇಸವಿ ಜನವರಿ 1ರಂದು, ಗುರುವಾರದ ಸಂತೆಯ ದಿನ, ಖರ್ಸಾವಾಂ ಬೈಲಿನಲ್ಲಿ ಸಾವಿರಾರು ಜನ ಕೂಡಿದರು. ಮರಂಗ್ ಗೋಮ್ಕೆಯವರು ಬಂದು ಮಾತಾಡುವರೆಂದು ಅವರ ನಿರೀಕ್ಷೆ. ಅವರು ಬರಲಿಲ್ಲ. ಒರಿಸ್ಸಾದ ಪೊಲೀಸರು ಆ ಗುಂಪಿನ ಮೇಲೆ ಗುಂಡು ಹಾರಿಸಿದರು. ಹೊಸ ವರ್ಷದ ಮೊದಲ ದಿನವೇ ಆ ಸಂತೆಯ ನೆಲ ರಕ್ತದಿಂದ ತೊಯ್ದಿತು. ಅದೇ ವರ್ಷ ಮೇ ತಿಂಗಳಲ್ಲಿ ಆ ಎರಡು ಸಂಸ್ಥಾನಗಳನ್ನು ಒರಿಸ್ಸಾದಿಂದ ಬಿಡಿಸಿ ಬಿಹಾರಕ್ಕೆ ಸೇರಿಸಿದರು. ಜನರು ಕೇಳಿದ್ದರಲ್ಲಿ ಒಂದು ಭಾಗ ದೊರೆಯಿತು, ಸತ್ತವರು ಹಿಂದಿರುಗಲಿಲ್ಲ. ಆ ಊರಿನಲ್ಲಿ ಈಗಲೂ ಪ್ರತಿ ವರ್ಷದ ಮೊದಲ ದಿನ ಶೋಕದ ದಿನವೇ.

1950ರಲ್ಲಿ ಮಹಾಸಭೆಯು ಝಾರ್ಖಂಡ್ ಪಕ್ಷವಾಗಿ ಮಾರ್ಪಟ್ಟಿತು. ಅದರ ಗುರುತು ಹುಂಜ. 1952ರ ಮೊದಲ ಚುನಾವಣೆಯಲ್ಲಿ ಓದುಬರಹ ತಿಳಿಯದ ಜನರು ಹುಂಜದ ಪೆಟ್ಟಿಗೆಯನ್ನು ಹುಡುಕಿ ಓಟು ಹಾಕಿದರು. ಬಿಹಾರದ ಶಾಸನಸಭೆಯಲ್ಲಿ 30ಕ್ಕಿಂತ ಹೆಚ್ಚು ಸ್ಥಾನಗಳನ್ನು ಗೆದ್ದು ಈ ಪಕ್ಷವು ಪ್ರಮುಖ ವಿರೋಧ ಪಕ್ಷವಾಯಿತು. ಜೈಪಾಲ್ ಸಿಂಗರು ಲೋಕಸಭೆಗೆ ಹೋದರು. ಸಾಯುವ ವರೆಗೂ ಪ್ರತಿ ಚುನಾವಣೆಯಲ್ಲಿಯೂ ಜನ ಅವರನ್ನೇ ಕಳುಹಿಸಿದರು. ಆದರೆ ರಾಜ್ಯಗಳ ಪುನರ್ವಿಂಗಡಣೆಯ ಆಯೋಗವು 1955ರಲ್ಲಿ, ಆ ಪ್ರದೇಶದಲ್ಲಿ ಆದಿವಾಸಿಗಳೇ ಬಹುಸಂಖ್ಯಾತರಲ್ಲವೆಂದೂ, ಎಲ್ಲರನ್ನೂ ಕೂಡಿಸುವ ಒಂದು ಭಾಷೆ ಅಲ್ಲಿಲ್ಲವೆಂದೂ ಹೇಳಿ ಝಾರ್ಖಂಡ್ ರಾಜ್ಯವನ್ನು ನಿರಾಕರಿಸಿತು. ಕನ್ನಡಿಗರು ಒಂದಾದದ್ದು ಆ ಆಯೋಗದ ವರದಿಯ ತರುವಾಯವೇ. ನಾವು ನವೆಂಬರ್ ಒಂದರಂದು ಬಾವುಟ ಹಾರಿಸುವಾಗ, ಅದೇ ವರದಿಯಿಂದ ಬರಿಗೈಯಲ್ಲಿ ಹಿಂದಿರುಗಿದವರೂ ಇದ್ದರೆಂಬದು ನಮಗೆ ಹೊಳೆಯುವದೇ ಇಲ್ಲ.

ಪಕ್ಷದ ಬಲ ಮೆಲ್ಲಮೆಲ್ಲಗೆ ಕುಂದಿತು. ಅದು ಕ್ರೈಸ್ತರ ಪಕ್ಷವೆಂಬ ಅಪವಾದವೂ ಹಬ್ಬಿತು. 1963ರಲ್ಲಿ ಜೈಪಾಲ್ ಸಿಂಗರು ತಮ್ಮ ಪಕ್ಷವನ್ನು ಕಾಂಗ್ರೆಸ್ಸಿನಲ್ಲಿ ಸೇರಿಸಿಬಿಟ್ಟರು. ಹೊರಗಿನಿಂದ ಆಗದ್ದು ಒಳಗಿನಿಂದ ಆದೀತೆಂದು ಅವರ ಎಣಿಕೆ. ಬಿಹಾರದಲ್ಲಿ ಸ್ವಲ್ಪ ಕಾಲ ಮಂತ್ರಿಪದವಿಯೂ ದೊರೆಯಿತು; ರಾಜ್ಯ ಮಾತ್ರ ದೊರೆಯಲಿಲ್ಲ. ಹುಂಜದ ಗುರುತಿಗಾಗಿ ಕಾಲುನಡಿಗೆಯಲ್ಲಿ ಊರೂರು ತಿರುಗಿದ ಅನೇಕರು ತಮ್ಮನ್ನು ನಡುದಾರಿಯಲ್ಲಿ ಬಿಟ್ಟುಹೋದರೆಂದು ಮರುಗಿದರು. ಬೇರೆ ಬೇರೆ ಪಂಗಡಗಳಾಗಿ ಒಡೆದರು. ಈ ಕಾರ್ಯವನ್ನು ನಾವು ಸಮರ್ಥಿಸಲಾರೆವು. ಇಪ್ಪತ್ತೈದನೆಯ ವಯಸ್ಸಿನ ತರುಣನಾಗಿ ದೊರೆಗಳ ಕುರ್ಚಿಯನ್ನು ಬಿಟ್ಟವರು, ಅರುವತ್ತನೆಯ ವಯಸ್ಸಿನಲ್ಲಿ ಹೀಗೆ ಮಾಡಿದ್ದು ಆಯಾಸದಿಂದಲೋ ಏನೋ. ಆಟವು ಚೆನ್ನಾಗಿ ನಡೆದು ಕಡೆಯ ಘಳಿಗೆ ಬಂದಾಗ ನಾಯಕನು ಬೈಲಿನಲ್ಲಿಲ್ಲದ ಆ ಹಳೆಯ ಸಂಗತಿಯನ್ನು ಇಲ್ಲಿ ನೆನಸದೆ ಇರುವದು ಕಷ್ಟ.

1970ನೆಯ ಇಸವಿ ಮಾರ್ಚ್ 20ರಂದು ದೆಹಲಿಯಲ್ಲಿ, ಮೆದುಳಿನಲ್ಲಿ ರಕ್ತಸ್ರಾವವಾಗಿ ಅವರು ಹಠಾತ್ತಾಗಿ ತೀರಿಕೊಂಡರು. ವಯಸ್ಸು 67. ಅವರ ದೇಹವನ್ನು ಟಕರಾ ಹಳ್ಳಿಗೆ ತಂದು, ಅವರು ದನ ಕಾಯುತ್ತಿದ್ದ ನೆಲದಲ್ಲಿಯೇ ಸಮಾಧಿಮಾಡಿದರು. ಮೋಶೆಯು ಬೆಟ್ಟದ ಮೇಲಿನಿಂದ ಕಾನಾನ್ ದೇಶವನ್ನು ಕಣ್ಣಾರೆ ಕಂಡಾದರೂ ಸತ್ತನು. ಇವರಿಗೆ ಆ ಭಾಗ್ಯವೂ ಇರಲಿಲ್ಲ. ಝಾರ್ಖಂಡ್ ರಾಜ್ಯ ಹುಟ್ಟಿದ್ದು ಅವರು ಸತ್ತ ಮೂವತ್ತು ವರ್ಷಗಳ ಮೇಲೆ, 2000ನೆಯ ಇಸವಿ ನವೆಂಬರ್ 15ರಂದು. ಅದು ಬಿರ್ಸಾ ಮುಂಡಾನ ಜನ್ಮದಿನ.

ಅವರು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದ ಆತ್ಮಕಥೆ ಬಹುಕಾಲದ ಮೇಲೆ ಅಚ್ಚಾಯಿತು. ರಾಂಚಿ ಪಟ್ಟಣದ ನಡುವೆ ಅವರ ಹೆಸರಿನ ಆಟದ ಬೈಲಿದೆ. ಆ ಸೀಮೆಯ ಹಳ್ಳಿಗಳಲ್ಲಿ ಹಾಕಿ ಇಂದಿಗೂ ಬಡವರ ಆಟ. ಬಿದಿರಿನ ಕೋಲಿನಿಂದ ಆಡಲು ಕಲಿತ ಹುಡುಗಿಯರು ಅಲ್ಲಿಂದ ಬಂದು ದೇಶದ ತಂಡದಲ್ಲಿ ಆಡುತ್ತಿದ್ದಾರೆ. 2021ರಲ್ಲಿ ಝಾರ್ಖಂಡ್ ಸರಕಾರವು ಮರಂಗ್ ಗೋಮ್ಕೆ ಜೈಪಾಲ್ ಸಿಂಗ್ ಮುಂಡಾ ಎಂಬ ಹೆಸರಿನಲ್ಲಿ ಒಂದು ವಿದ್ಯಾರ್ಥಿವೇತನವನ್ನು ಆರಂಭಿಸಿತು. ಆದಿವಾಸಿ ಯುವಕ ಯುವತಿಯರು ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಓದಲಿಕ್ಕೆ ಹೋಗುವ ಖರ್ಚನ್ನು ಅದು ಕೊಡುತ್ತದೆ. 1918ರಲ್ಲಿ ಒಬ್ಬ ಪಾದ್ರಿಯ ಸಂಗಡ ಒಬ್ಬ ಹುಡುಗನು ಹಡಗು ಹತ್ತಿದ್ದನು. ಈಗ ಅದೇ ದೇಶಕ್ಕೆ ಅವನ ಜನರ ಮಕ್ಕಳು ತಮ್ಮ ಸ್ವಂತ ಸರಕಾರದ ಹಣದಿಂದ ಹೋಗುತ್ತಿದ್ದಾರೆ.